ಜಪಾನಿನ ಮೇಷ್ಟ್ರು, ಚೀನಾದ ಶಿಷ್ಯ, ನಡುವೆ ನಾವು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ಹೋದ ತಿಂಗಳು ಈ ಅಂಕಣದಲ್ಲಿ "ಏಷ್ಯಾದಲ್ಲಿ ವ್ಯಾಪಾರ ಮಾಡುವ ಹಳೇ ಲೆಕ್ಕ ಇನ್ನು ನಡೆಯಲ್ಲ" ಎಂದು ಒಂದು ಸಾಲು ಬರೆದಿದ್ದೆ. ಹಳೇ ಲೆಕ್ಕ ಅಂದರೆ ಎಲ್ಲರಿಗೂ ಗೊತ್ತಿರುವುದೇ. ವಿದ್ಯೆ ಜಪಾನಿನದೋ ಅಮೆರಿಕದ್ದೋ ಆಗಿರುತ್ತೆ, ಮಾಡುವುದು ಚೀನಾದಲ್ಲಿ ಅಗ್ಗಕ್ಕೆ, ಕೊಳ್ಳುವುದು ಉಳಿದ ನಾವೆಲ್ಲ. ಆ ಒಂದು ಸಾಲಿಗೆ ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಒಬ್ಬರು ಬೈದಿದ್ದಾರೆ ಕೂಡ, ಅವರ ಪತ್ರವೂ ಕೆಳಗಿದೆ.

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್, ಲೋಹ ಕೊರೆಯುವ ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಷನ್ ಇವೆ. ಇಪ್ಪತ್ತು ವರ್ಷದಿಂದ ಜಪಾನಿ ಕಂಪನಿಯೊಂದಕ್ಕೆ ಸಪ್ಲೈ ಮಾಡುವವರ ಕೈಕೆಳಗೆ ಜಾಬ್‌ವರ್ಕ್ ಮಾಡುತ್ತಿದ್ದೇನೆ. ಕೈಜೆನ್ (ದಿನಾ ಸ್ವಲ್ಪ ಸ್ವಲ್ಪ ಸುಧಾರಿಸುವುದು), 5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿ ಇಡುವ ಪದ್ಧತಿ) ಎಲ್ಲ ಅವರೇ ಕಲಿಸಿದ್ದು. ಈಗ ನೋಡಿದರೆ ಚೀನಾ ಕಾರು ಮುಂದೆ ಹೋಯಿತು ಅಂತಾರೆ. ನಾನು ಯಾರ ಹಿಂದೆ ಹೋಗಲಿ?

ಉತ್ತರ: ಮೊದಲು ಥಾಯ್ಲೆಂಡ್ ಕಡೆ ನೋಡಿ. ನಿಮ್ಮ ಪ್ರಶ್ನೆ ಅಲ್ಲಿ ಆಗಲೇ ನಡೆದು ತೋರಿಸಿದೆ. ದಶಕಗಳ ಕಾಲ ಅಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹತ್ತಿರ ಹತ್ತಿರ ಶೇ. 90 ಜಪಾನಿನವು. ಅಮೆರಿಕದ ಕಾರು ನಗರಿಯ ಹೆಸರಲ್ಲಿ ಏಷ್ಯಾದ ಡೆಟ್ರಾಯ್ಟ್ ಅಂತಲೇ ಆ ದೇಶಕ್ಕೆ ಹೆಸರು. ಟೊಯೋಟಾ, ಹೋಂಡಾ, ಇಸುಜು ಸುತ್ತ ಸಾವಿರಾರು ಸಣ್ಣ ಶೆಡ್‌ಗಳು, ಥೇಟ್ ನಿಮ್ಮಂಥವೇ, ಬೆಳೆದು ನಿಂತಿದ್ದವು. ಆಮೇಲೆ ಸರ್ಕಾರ ಎಲೆಕ್ಟ್ರಿಕ್ ಕಾರಿಗೆ ರಿಯಾಯಿತಿ ಕೊಟ್ಟಿತು, ಚೀನಾದವರು ಬಂದರು. 2024ರ ಜುಲೈನಲ್ಲಿ ಚೀನಾದ ಬಿವೈಡಿ ಅಲ್ಲಿನ ರಾಯೋಂಗ್‌ನಲ್ಲಿ ಕಾರ್ಖಾನೆ ತೆರೆಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಸುಜುಕಿ ತನ್ನ ಥಾಯ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತ್ತು. ಇದೇ ಸುಜುಕಿ ನಮ್ಮಲ್ಲಿ ರಾಜ, ಅದೂ ನೆನಪಿರಲಿ. ಒಂದೇ ಕಂಪನಿ ಒಂದು ದೇಶದಲ್ಲಿ ಬೀಗ ಹಾಕಿ ಇನ್ನೊಂದರಲ್ಲಿ ಮೆರೆಯುತ್ತೆ.

ಬಿವೈಡಿ ಯಾರು ಅಂತ ನೋಡಿದರೆ ನಿಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. 1995ರಲ್ಲಿ ಶೆನ್‌ಝೆನ್‌ನಲ್ಲಿ ವಾಂಗ್ ಚುವಾನ್‌ಫು ಶುರು ಮಾಡಿದ್ದು ಮೊಬೈಲ್ ಬ್ಯಾಟರಿ ಮಾಡುವ ಕಂಪನಿ. ಆ ಕಾಲಕ್ಕೆ ಬ್ಯಾಟರಿ ಅಂದರೆ ಜಪಾನ್, ಸ್ಯಾನ್ಯೋ, ಸೋನಿ. ಜಪಾನಿನ ಆಟೋಮ್ಯಾಟಿಕ್ ಮಿಷನ್ ಕೊಳ್ಳಲು ದುಡ್ಡಿರಲಿಲ್ಲ. ಆತ ಆ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಜನರ ಕೈಯಲ್ಲೇ ಮಾಡಿಸಿದ. ಬ್ಯಾಟರಿಯ ಒಳಗುಟ್ಟು ಕೈಗೆ ಹತ್ತಿದ್ದು ಹಾಗೆ. 2003ರಲ್ಲಿ ಮುಗ್ಗರಿಸುತ್ತಿದ್ದ ಒಂದು ಕಾರು ಕಂಪನಿ ಕೊಂಡಾಗ ಜನ ನಕ್ಕರು. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ, ಟೊಯೋಟಾ ತಾನು ಚೀನಾದಲ್ಲಿ ಮಾರುವ ಬಿಜೆಡ್3 ಕಾರಿಗೆ ಬಿವೈಡಿಯ ಬ್ಯಾಟರಿಯನ್ನೇ ಹಾಕಿದೆ. ಟೊಯೋಟಾ! 1984ರಲ್ಲಿ ಶಾಂಘೈಗೆ ಕಾರು ಮಾಡುವುದನ್ನು ಹೇಳಿಕೊಡಲು ಹೋಗಿದ್ದ ಫೋಕ್ಸ್‌ವ್ಯಾಗನ್, 2023ರಲ್ಲಿ 70 ಕೋಟಿ ಡಾಲರ್ ಕೊಟ್ಟು ಎಕ್ಸ್‌ಪೆಂಗ್ ಎಂಬ ಎಳೇ ಚೀನಾ ಕಂಪನಿಯಲ್ಲಿ ಪಾಲು ತಗೊಂಡಿತು. ಯಾಕೆ ಅಂದರೆ, ಚೀನಾದಲ್ಲಿ ಮಾರುವ ಕಾರಿಗೆ ಅವರ ಸಾಫ್ಟ್‌ವೇರ್ ಬೇಕಿತ್ತು. ಮೇಷ್ಟ್ರು ಸ್ಲೇಟು ಹಿಡಿದು ಶಿಷ್ಯನ ಮನೆಗೆ ಪಾಠಕ್ಕೆ ಹೋದ ಹಾಗೆ.

ಹಾಗಂತ ನಾಳೆಯೇ ಜಪಾನಿನವರಿಗೆ ಕೈಮುಗಿದು ಚೀನಾದವರ ಬಾಗಿಲು ತಟ್ಟಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಜೊತೆ ಗಡಿ ಹಂಚಿಕೊಂಡ ದೇಶಗಳ ಬಂಡವಾಳಕ್ಕೆ 2020ರಿಂದ ದಿಲ್ಲಿಯ ಒಪ್ಪಿಗೆ ಬೇಕು, ಅದು ಅಷ್ಟು ಸುಲಭಕ್ಕೆ ಸಿಗಲ್ಲ. ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿಕೊಳ್ಳಿ. ಯಾರ ಹಿಂದೆ ಅನ್ನುವುದನ್ನು ಬಿಡಿ. ನಿಮ್ಮ ಶೆಡ್ಡಿನಿಂದ ಹೊರಗೆ ಹೋಗುವ ಪಾರ್ಟ್‌ಗಳನ್ನೆಲ್ಲ ಒಂದು ಟೇಬಲ್ ಮೇಲೆ ಜೋಡಿಸಿ, ಎಲೆಕ್ಟ್ರಿಕ್ ಗಾಡಿಯಲ್ಲೂ ಇರುವುದು ಯಾವುದು, ಇರದೇ ಹೋಗುವುದು ಯಾವುದು ಅಂತ ಎರಡು ಗುಡ್ಡೆ ಮಾಡಿ. ಬ್ರೇಕು, ಸಸ್ಪೆನ್ಷನ್, ಸ್ಟೀರಿಂಗ್ ಕಡೆಯವು ಉಳಿಯುತ್ತವೆ. ಪಿಸ್ಟನ್, ವಾಲ್ವ್, ಸೈಲೆನ್ಸರ್, ಕ್ಲಚ್ ಕಡೆಯವು ನಿಧಾನಕ್ಕೆ ಕರಗುತ್ತವೆ. ನಮ್ಮಲ್ಲಿ ನಿಧಾನ, ಥಾಯ್ಲೆಂಡಿನಷ್ಟು ಬೇಗ ಅಲ್ಲ. ಎರಡನೇ ಗುಡ್ಡೆ ದೊಡ್ಡದಿದ್ದರೆ ಮುಂದಿನ ಮಿಷನ್‌ಗೆ ಸಾಲ ಮಾಡುವ ಮುಂಚೆ ನಾಲ್ಕು ಸಲ ಯೋಚನೆ ಮಾಡಿ.

ಇನ್ನೊಂದು ವಿಷಯ, ವೇಗ. ನಾನು ಖರೀದಿ ವಿಭಾಗದಲ್ಲಿದ್ದಾಗಿನ ಮಾತು. ಒಂದು ಸಂಜೆ ಒಂದೇ ಡ್ರಾಯಿಂಗನ್ನು ಬೆಂಗಳೂರಿನ ಒಬ್ಬರಿಗೂ ಗುವಾಂಗ್‌ಡಾಂಗ್‌ನ ಒಬ್ಬರಿಗೂ ಕಳಿಸಿದ್ದೆ. ಬೆಳಿಗ್ಗೆ ಬರುವಷ್ಟರಲ್ಲಿ ಚೀನಾದಿಂದ ರೇಟು ಬಂದಿತ್ತು. ಜೊತೆಗೆ "ಈ ತೂತು ಇಲ್ಲಿ ಬೇಡ, ಎರಡು ಮಿಲಿಮೀಟರ್ ಪಕ್ಕಕ್ಕೆ ಹಾಕಿದರೆ ಮಿಷನ್ನಿನಲ್ಲಿ ತುಂಡನ್ನು ಇನ್ನೊಂದು ಸಲ ಕೂರಿಸುವ ಸೆಟ್ಟಿಂಗ್ ಕೆಲಸ ಉಳಿತಾಯ ಆಗುತ್ತೆ" ಅಂತ ತಿದ್ದಿದ ಡ್ರಾಯಿಂಗೂ ಇತ್ತು. ಬೆಂಗಳೂರಿನವರು ಹನ್ನೊಂದು ದಿನ ಬಿಟ್ಟು ರೇಟು ಕಳಿಸಿದರು, ಬರೀ ರೇಟು. ಚೀನಾದವರು ಅಗ್ಗ ಅಂತ ನಾವೆಲ್ಲ ಹೇಳುತ್ತೇವೆ. ಆವತ್ತು ನನ್ನನ್ನು ಹೆದರಿಸಿದ್ದು ಅವರ ರೇಟಲ್ಲ, ಆ ತೂತು.

ಪ್ರಶ್ನೆ: ನಾನು ಧಾರವಾಡದಲ್ಲಿ ಎಂಬಿಎ ಓದುತ್ತಿದ್ದೇನೆ. ನಮ್ಮ ನೋಟ್ಸ್‌ನಲ್ಲಿ ಏಷ್ಯಾ ಎಂದರೆ 'ಅಗ್ಗದ ಕೂಲಿ, ದೊಡ್ಡ ಮಾರುಕಟ್ಟೆ' ಅಂತ ಇದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಲಾ?

ಉತ್ತರ: ಪರೀಕ್ಷೆಯಲ್ಲಿ ಬರೆಯಪ್ಪ, ಮಾರ್ಕ್ಸ್ ಬೇಕಲ್ವಾ. ಕೆಲಸಕ್ಕೆ ಹೋದ ಮೇಲೆ ಮರೆತುಬಿಡು.

ಊಬರ್ ಕಥೆ ಓದು. ಅಮೆರಿಕದಲ್ಲಿ ಗೆದ್ದ ಆ್ಯಪನ್ನು ಹಾಗೇ ತಂದು ಇಳಿಸಿದರೆ ಏಷ್ಯಾ ನಮ್ಮದೇ ಅಂದುಕೊಂಡಿತ್ತು. 2016ರಲ್ಲಿ ಚೀನಾದ ವ್ಯವಹಾರವನ್ನು ಅಲ್ಲಿನದೇ ಟ್ಯಾಕ್ಸಿ ಆ್ಯಪ್ ದೀದಿಗೆ ಕೊಟ್ಟು ಹೊರಬಿತ್ತು. 2018ರಲ್ಲಿ ಆಗ್ನೇಯ ಏಷ್ಯಾದ್ದನ್ನು ಗ್ರ್ಯಾಬ್‌ಗೆ ಕೊಟ್ಟು, ಬದಲಿಗೆ ಗ್ರ್ಯಾಬ್‌ನಲ್ಲೇ 27.5% ಪಾಲು ತಗೊಂಡು ಸುಮ್ಮನಾಯಿತು. ಗ್ರ್ಯಾಬ್ ಹುಟ್ಟಿದ್ದು 2012ರಲ್ಲಿ ಮಲೇಷ್ಯಾದಲ್ಲಿ. ಜಕಾರ್ತಾದ ಗೋಜೆಕ್ ಶುರುವಾಗಿದ್ದು ಇನ್ನೂ ಮಜಾ. 2010ರಲ್ಲಿ ಒಂದು ಕಾಲ್ ಸೆಂಟರು, ಇಪ್ಪತ್ತು ಜನ ಬೈಕ್ ಸವಾರರು, ಅಷ್ಟೇ. ಆ್ಯಪ್ ಬಂದಿದ್ದೇ 2015ರಲ್ಲಿ. ಅವರಿಗೆ ಜಕಾರ್ತಾದ ಟ್ರಾಫಿಕ್ ಗೊತ್ತಿತ್ತು, ಜನರ ಹತ್ತಿರ ಕ್ರೆಡಿಟ್ ಕಾರ್ಡ್ ಇಲ್ಲ ಅನ್ನೋದು ಗೊತ್ತಿತ್ತು, ಬೈಕಿನವನು ಜನರನ್ನೂ ಒಯ್ಯುತ್ತಾನೆ, ಮಧ್ಯಾಹ್ನ ಊಟವನ್ನೂ ಒಯ್ಯುತ್ತಾನೆ, ಪಾರ್ಸೆಲ್ಲನ್ನೂ ಒಯ್ಯುತ್ತಾನೆ ಅನ್ನೋದೂ ಗೊತ್ತಿತ್ತು.

ಇನ್ನೊಂದು ಉದಾಹರಣೆ ನಿನ್ನ ಕಾಲೇಜಿನ ಹೊರಗಿನ ಚಹಾ ಅಂಗಡಿಯಲ್ಲೇ ಇದೆ. ಡಬ್ಬಿಗೆ ಅಂಟಿಸಿರುವ ಕ್ಯೂಆರ್ ಕೋಡ್. ಅದನ್ನು 1994ರಲ್ಲಿ ಕಂಡುಹಿಡಿದಿದ್ದು ಜಪಾನಿನ ಡೆನ್ಸೊ, ಟೊಯೋಟಾ ಬಳಗದ ಕಂಪನಿ. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಆದರೆ ಜಪಾನಿನ ಜನ ವರ್ಷಗಟ್ಟಲೆ ನೋಟು ಎಣಿಸಿಯೇ ಕೊಡುತ್ತಿದ್ದರು. ಅದನ್ನು ತರಕಾರಿ ಗಾಡಿಯವರೆಗೆ ತಂದಿದ್ದು ದುಡ್ಡು ಕಳಿಸುವ ಚೀನಾದ ಆ್ಯಪ್‌ಗಳು, ಅಲಿಪೇ, ವಿಚಾಟ್. ಅಲ್ಲಿ ಎರಡು ಕಂಪನಿಗಳ ಕೈಯಲ್ಲಿದ್ದ ಕೆಲಸವನ್ನು ಯಾವ ಬ್ಯಾಂಕಿನವರಾದರೂ ಬಳಸುವ ಹಾಗೆ ತೆರೆದಿಟ್ಟಿದ್ದು 2016ರಲ್ಲಿ ಬಂದ ನಮ್ಮ ಯುಪಿಐ. ಒಬ್ಬ ಕಂಡುಹಿಡಿದ, ಇನ್ನೊಬ್ಬ ಬೀದಿಗೆ ತಂದ, ಮೂರನೆಯವನು ಅದರ ನಿಯಮವನ್ನೇ ಬದಲಾಯಿಸಿದ. ಈ ಮೂರರಲ್ಲಿ ನಿನ್ನ ಕಂಪನಿ ಯಾವುದರಲ್ಲಿ ಗಟ್ಟಿ ಅಂತ ಮೊದಲು ಕೇಳಬೇಕು. ಮೂರೂ ನಾವೇ ಅನ್ನುವವರು ಸಾಮಾನ್ಯವಾಗಿ ಒಂದೂ ಅಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಕೌಂಟರ್ ತುಂಬ ನಮ್ಮ ದೇಶದ ಬ್ರಾಂಡ್‌ಗಳೇ ಇದ್ದವು. ಈಗ ಒಂದೂ ಇಲ್ಲ. ಏನಾಯಿತು?

ಉತ್ತರ: ನಿಮಗೇ ಗೊತ್ತಿದೆ ಸರ್, ನನ್ನ ಬಾಯಲ್ಲಿ ಹೇಳಿಸುತ್ತಿದ್ದೀರಿ. ಆ ಫೋನುಗಳಲ್ಲಿ ಬಹುಪಾಲು ಹುಟ್ಟಿದ್ದು ಶೆನ್‌ಝೆನ್‌ನಲ್ಲೇ. ಮೈಕ್ರೋಮ್ಯಾಕ್ಸ್ ಇರಲಿ ಬೇರೆಯವರಿರಲಿ, ಡಿಸೈನ್ ಅವರದು, ಸ್ಟಿಕ್ಕರ್ ನಮ್ಮದು. ಅದರಲ್ಲೂ ಜಾಣತನ ಇತ್ತು ಅನ್ನಿ. ಎರಡು ಸಿಮ್, ದೊಡ್ಡ ಬ್ಯಾಟರಿ, ಜೋರು ಸ್ಪೀಕರ್, ಹಳ್ಳಿಗೆ ಏನು ಬೇಕು ಅಂತ ಅವರು ಸರಿಯಾಗೇ ಹಿಡಿದಿದ್ದರು. ಆದರೆ ಸಾಮಾನು ಕೊಡುತ್ತಿದ್ದ ಊರಿನವರೇ ಒಂದು ದಿನ ತಮ್ಮ ಹೆಸರಲ್ಲೇ ಇಲ್ಲಿ ಅಂಗಡಿ ತೆರೆದರೆ? ಶಿಯೋಮಿ 2014ರಲ್ಲಿ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಎಲ್ಲರಿಗೂ 4ಜಿ ಫೋನ್ ಬೇಕಾಯಿತು. ನಮ್ಮವರ ಗೋಡೌನ್‌ನಲ್ಲಿ ಇದ್ದಿದ್ದು ಹಳೇ 3ಜಿ ಮಾಲು. ಎರಡೇ ತಿಂಗಳಿಗೆ ನೋಟು ರದ್ದು, ಕೈಯಲ್ಲಿ ಕಾಸಿಟ್ಟು ಕೊಳ್ಳುವ ಗಿರಾಕಿಯೇ ಮಾಯ. 2017ರ ಕೊನೆಗೆ ಶಿಯೋಮಿ ಸ್ಯಾಮ್‌ಸಂಗನ್ನೂ ದಾಟಿತ್ತು.

ನನಗೆ ಆಸಕ್ತಿ ಇರುವುದು ಇನ್ನೊಂದು ಕಂಪನಿ ಮೇಲೆ. ನಿಮ್ಮ ಅಂಗಡಿಯಲ್ಲಿ ಐಟೆಲ್, ಟೆಕ್ನೋ, ಇನ್ಫಿನಿಕ್ಸ್ ಇರಬೇಕಲ್ವಾ? ಮೂರೂ ಒಂದೇ ಮನೆಯವು, ಶೆನ್‌ಝೆನ್‌ನ ಟ್ರಾನ್ಸಿಯನ್. ತನ್ನ ದೇಶದ ಗಿರಾಕಿಯ ಹಿಂದೆ ಅದು ಬೀಳಲೇ ಇಲ್ಲ. ಸೀದಾ ಆಫ್ರಿಕಾಕ್ಕೆ ಹೋಯಿತು. ಕಪ್ಪು ಚರ್ಮದವರ ಮುಖ ಫೋಟೋದಲ್ಲಿ ಚೆನ್ನಾಗಿ ಬರುವ ಹಾಗೆ ಕ್ಯಾಮೆರಾ ಸರಿಪಡಿಸಿತು, ನಾಲ್ಕು ಸಿಮ್ ಹಾಕುವ ಫೋನ್ ಕೊಟ್ಟಿತು. ಬೇರೆ ಕಂಪನಿಗಳಿಗೂ ಆಫ್ರಿಕಾದ ಗಿರಾಕಿ ಕಣ್ಣಿಗೆ ಕಾಣುತ್ತಿದ್ದ, ಆದರೆ ಅವನ ಫೋಟೋ ಹೇಗೆ ಬರುತ್ತೆ ಅಂತ ಯಾರೂ ನೋಡಿರಲಿಲ್ಲ.

ಪ್ರಶ್ನೆ: ಶಿಡ್ಲಘಟ್ಟದಿಂದ ಬರೆಯುತ್ತಿದ್ದೇನೆ. ತಾತನ ಕಾಲದಿಂದ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬು ನಮ್ಮದು. ಚರಕದಿಂದ ಶುರುವಾಗಿ ಈಗ ಒಂದೇ ಸಲ ಹಲವು ಎಳೆ ಸುತ್ತುವ ಮಲ್ಟಿ ಎಂಡ್‌ ಮಿಷನ್‌ಗೆ ಬಂದಿದ್ದೇವೆ. ಈಗ ಎಲ್ಲರೂ ಎಆರ್‌ಎಂ ಹಾಕು, ಸಬ್ಸಿಡಿ ಇದೆ ಅಂತಾರೆ. ಅದೂ ಚೀನಾ ಮಿಷನ್. ಚೀನಾ ರೇಷ್ಮೆ ಮೇಲೆ ಚೀನಾ ಮಿಷನ್ ಇಟ್ಟುಕೊಂಡು ಹೊಡೆದಾಡೋದಾ ಮೇಡಂ?

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಸ್ವಲ್ಪ ಉದ್ದ ಉತ್ತರ, ಸಹಿಸಿಕೊಳ್ಳಿ.

ಎಆರ್‌ಎಂ ಅಂದರೆ ನೂಲು ತುಂಡಾದರೆ, ಎಳೆ ತೆಳ್ಳಗಾದರೆ ತಾನೇ ಗುರುತಿಸಿ ಹೊಸ ಗೂಡಿನ ಎಳೆ ಕೊಡುವ ಆಟೋಮ್ಯಾಟಿಕ್ ಮಿಷನ್. ಇದು ಚೀನಾದವರ ಅಜ್ಜನ ಆಸ್ತಿ ಏನಲ್ಲ. ಜಪಾನಿನ ತೊಮಿಯೋಕಾದಲ್ಲಿ 1872ರಲ್ಲಿ ಸರ್ಕಾರವೇ ಒಂದು ರೇಷ್ಮೆ ಗಿರಣಿ ಕಟ್ಟಿಸಿತು. ಮಿಷನ್ ಫ್ರಾನ್ಸಿನದು, ಕಲಿಸಲು ಬಂದವರೂ ಫ್ರಾನ್ಸಿನವರು. ಅಲ್ಲಿ ಕಲಿತ ಹೆಣ್ಣುಮಕ್ಕಳು ತಮ್ಮ ತಮ್ಮ ಊರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ನಲವತ್ತು ವರ್ಷ ತುಂಬುವ ಮುಂಚೆಯೇ ಜಪಾನ್ ಕಚ್ಚಾ ರೇಷ್ಮೆ ರಫ್ತಿನಲ್ಲಿ ಚೀನಾವನ್ನೂ ಹಿಂದೆ ಹಾಕಿತು. ಆ ಗಿರಣಿ 1987ರಲ್ಲಿ ನಿಂತುಹೋಯಿತು, ಈಗ ವಿಶ್ವ ಪರಂಪರೆ ತಾಣ. ಒಳಗೆ ಸಾಲಾಗಿ ನಿಂತಿರುವ ಆಟೋಮ್ಯಾಟಿಕ್ ಮಿಷನ್‌ಗಳ ಹೆಸರು ಏನು ಗೊತ್ತಾ? ನಿಸ್ಸಾನ್. ಹೌದು, ಕಾರಿನ ನಿಸ್ಸಾನೇ. ಜಪಾನ್ ಈ ಕಸುಬು ಬಿಡುತ್ತಾ ಬಂದ ಹಾಗೆ ಚೀನಾ ಹಿಡಿಯುತ್ತಾ ಹೋಯಿತು, ಮಿಷನ್ನನ್ನೂ ತಾನೇ ಮಾಡಿತು. ಈಗ ಅದು ನಿಮ್ಮ ಮನೆ ಬಾಗಿಲಿಗೆ ಬಂದಿದೆ. ಫ್ರಾನ್ಸಿನ ಮಿಷನ್ ಇಟ್ಟುಕೊಂಡು ಫ್ರಾನ್ಸಿಗೇ ರೇಷ್ಮೆ ಮಾರಲು ಜಪಾನಿನವರು ನಾಚಿಕೊಳ್ಳಲಿಲ್ಲ. ನಿಮಗೂ ನಾಚಿಕೆ ಬೇಡ.

ಮರ್ಯಾದೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇನ್ನು ಹೊಟ್ಟೆಯ ಪ್ರಶ್ನೆ, ಅದು ಕಷ್ಟದ್ದು. ಆ ಮಿಷನ್‌ಗೆ ಹಸಿವು ಜಾಸ್ತಿ. ದಿನಾ ಒಂದೇ ಗುಣದ ದ್ವಿತಳಿ ಗೂಡು, ಅಂದರೆ ಉದ್ದ, ಗಟ್ಟಿ ಎಳೆಯ ಬಿಳಿ ಗೂಡು ಬೇಕು. ಸ್ಥಳೀಯ ತಳಿ ಬೆರೆತ ನಮ್ಮ ಮಿಶ್ರತಳಿ ಗೂಡು ಹಾಕಿದರೆ ಎಳೆ ಪದೇ ಪದೇ ತುಂಡಾಗುತ್ತೆ. 1990ರ ದಶಕದಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಹಾಯದಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು ನಮ್ಮ ಬಿಸಿಲಿಗೆ ಒಗ್ಗುವ ದ್ವಿತಳಿಗಳನ್ನು ಮಾಡಿಕೊಟ್ಟರು, ಆದರೂ ಮಾರ್ಕೆಟ್ಟಿಗೆ ಬರುವ ಗೂಡೆಲ್ಲ ಅದೇ ಆಗಿಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಬ್ಸಿಡಿ ಮಿಷನ್‌ಗೆ ಸಿಗುತ್ತೆ, ಮಿಷನ್ನಿನ ಹಸಿವಿಗೆ ಸಿಗಲ್ಲ. ಗೂಡು ಎಲ್ಲಿಂದ ಅಂತ ಮೊದಲು ನೋಡಿ. ವರ್ಷಪೂರ್ತಿ ದ್ವಿತಳಿ ಬೆಳೆದು ನಿಮಗೇ ಕೊಡುವ ರೈತರ ಗುಂಪು ಇದ್ದರೆ, ಅಥವಾ ನಿಮ್ಮಂಥ ಎರಡು ಮೂರು ರೀಲರ್‌ಗಳು ಸೇರಿ ಹಾಕುವುದಾದರೆ, ಧೈರ್ಯ ಮಾಡಿ. ಒಬ್ಬರೇ ಸಾಲ ಮಾಡಿ ಹಾಕಿ ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಹರಾಜಿನಲ್ಲಿ ಗೂಡಿಗೆ ಪರದಾಡುವುದಾದರೆ ಬೇಡ.

ಇನ್ನೊಂದು ಮಾತು. ನೇಕಾರರು ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೆ, ಚೀನಾ ನೂಲು ಕೇಳುತ್ತಿದ್ದದ್ದು ಅಗ್ಗ ಅಂತ ಮಾತ್ರವಲ್ಲ. ಎಳೆ ಒಂದೇ ಸಮ ಇರುತ್ತೆ, ಮಗ್ಗ ನಿಲ್ಲಲ್ಲ ಅಂತ. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನಮ್ಮ ನೂಲೇ ಸಾಕು ಅನ್ನುತ್ತಾರೆ. ನಿಮ್ಮ ನೂಲು ಹಾಸಿಗೆ ಹೋಗುತ್ತಾ ಹೊಕ್ಕಿಗೆ ಹೋಗುತ್ತಾ ಅಂತ ವಿಚಾರಿಸಿದ್ದೀರಾ? ದಲ್ಲಾಳಿ ಹೇಳಲ್ಲ. ಒಂದು ಸಲ ರೇಷ್ಮೆ ಸೀರೆ ನೇಯುವ ಧರ್ಮಾವರಂ ಬಸ್ಸು ಹತ್ತಿ, ಮಗ್ಗದ ಪಕ್ಕ ಒಂದು ದಿನ ಕೂತು ಬನ್ನಿ.

ಪ್ರಶ್ನೆ: ಸಿಂಗಪುರದಲ್ಲಿರುವ ಕನ್ನಡಿಗ ನಾನು. ನಮ್ಮ ಕಂಪನಿ 'ಚೀನಾ ಪ್ಲಸ್ ಒನ್' ಅಂತ ಚೀನಾದ ಜೊತೆಗೆ ಇನ್ನೊಂದು ದೇಶ ಹುಡುಕುತ್ತಿದೆ. ಮೀಟಿಂಗ್‌ನಲ್ಲಿ ಪ್ರತಿಸಲ ವಿಯೆಟ್ನಾಂ ಗೆಲ್ಲುತ್ತೆ. ನಾನು ಕರ್ನಾಟಕ ಅಂದರೆ ಎಲ್ಲರೂ ನಗುತ್ತಾರೆ. ನಾನೇನು ಹೇಳಲಿ?

ಉತ್ತರ: ಅವರು ನಗುವುದಕ್ಕೆ ಕಾರಣ ಇದೆ, ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. ಸ್ಯಾಮ್‌ಸಂಗ್ 2009ರಲ್ಲೇ ಹನೋಯ್ ಪಕ್ಕದ ಬಾಕ್ ನಿನ್‌ನಲ್ಲಿ ಫೋನ್ ಮಾಡಲು ಶುರು ಮಾಡಿತು. ಹತ್ತು ವರ್ಷ ಬಿಟ್ಟು, 2019ರಲ್ಲಿ, ಚೀನಾದ ತನ್ನ ಕೊನೆಯ ಫೋನ್ ಕಾರ್ಖಾನೆ ಮುಚ್ಚಿತು. ಬಾಕ್ ನಿನ್‌ನಿಂದ ಚೀನಾ ಗಡಿಗೆ ಲಾರಿಯಲ್ಲಿ ಕೆಲವೇ ಗಂಟೆ. ಬಿಡಿಭಾಗ ಆ ಕಡೆಯಿಂದ ಬರುತ್ತೆ, ಜೋಡಣೆ ಈ ಕಡೆ. ಅಂದರೆ 'ಚೀನಾ ಪ್ಲಸ್ ಒನ್'ನಲ್ಲಿ ಚೀನಾ ಎಲ್ಲೂ ಹೋಗಿಲ್ಲ, ಬೇಲಿಯಾಚೆ ನಿಂತಿದೆ. ವ್ಯಾಪಾರ ಒಪ್ಪಂದಗಳೂ ಅವರಿಗಿವೆ. ಚೀನಾ, ಜಪಾನ್ ಇರುವ 15 ದೇಶಗಳ ಆರ್‌ಸಿಇಪಿಯಲ್ಲಿ ವಿಯೆಟ್ನಾಂ ಇದೆ, ನಾವು 2019ರಲ್ಲಿ ಅದರ ಮಾತುಕತೆಯಿಂದಲೇ ಹೊರಗೆ ಬಂದೆವು. ಯುರೋಪಿನ ಜೊತೆಗಿನ ಅವರ ಒಪ್ಪಂದ 2020ರಲ್ಲೇ ಜಾರಿಗೆ ಬಂತು. ನಾವು ಹೊರಗೆ ಬಂದಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಹಾಲು ಹಾಕುವವರನ್ನು ಕೇಳಿದರೆ ಒಂದು ಉತ್ತರ, ಫೋನ್ ಜೋಡಿಸುವವರನ್ನು ಕೇಳಿದರೆ ಇನ್ನೊಂದು.

ಈಗ ನಮ್ಮ ಕಡೆಯದು. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಐಫೋನ್ ಮಾಡುತ್ತಿತ್ತು, 2023ರಲ್ಲಿ ಅದನ್ನು ಟಾಟಾ ಕೊಂಡಿತು. 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆ ಆಗಿದ್ದೂ ಅಲ್ಲೇ, ಅದನ್ನು ಮುಚ್ಚಿಡಬೇಡಿ, ಅವರೇ ಕೇಳುತ್ತಾರೆ. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕೂಡ ಐಫೋನ್ ಜೋಡಿಸುತ್ತಿದೆ. ಇಲ್ಲೂ ಬಿಡಿಭಾಗ ಹೊರಗಿನಿಂದಲೇ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಮೋಟಾರಿಗೆ ಬೇಕಾದ ಮ್ಯಾಗ್ನೆಟ್ ರಫ್ತಿಗೆ ಚೀನಾ ಲೈಸೆನ್ಸ್ ಕಡ್ಡಾಯ ಮಾಡಿದಾಗ ನಮ್ಮ ಇ-ಸ್ಕೂಟರ್ ಕಂಪನಿಗಳು ಪರದಾಡಿದವು, ಜಪಾನಿನಲ್ಲಿ ಸುಜುಕಿ ಕೂಡ. ಮೀಟಿಂಗ್‌ನಲ್ಲಿ ಕರ್ನಾಟಕದ್ದು ಅಗ್ಗ ಅಂತ ಮಾತ್ರ ಹೇಳಬೇಡಿ, ಅಗ್ಗದಲ್ಲಿ ನಾವು ಸೋಲುತ್ತೇವೆ. ಡಿಸೈನ್ ಮಾಡುವ ಎಂಜಿನಿಯರ್ ಮತ್ತು ಅಚ್ಚು ಮಾಡುವ ಟೂಲ್ ರೂಮಿನ ಕೆಲಸಗಾರ ಒಂದೇ ಊರಿನಲ್ಲಿ, ಒಂದೇ ಮಧ್ಯಾಹ್ನ ಎದುರುಬದುರು ಕೂರಬಲ್ಲ ಜಾಗ ಬೆಂಗಳೂರು ಅಂತ ಹೇಳಿ. ಟ್ರಾಫಿಕ್ ಬಗ್ಗೆ ಕೇಳಿದರೆ ವಿಷಯ ಬದಲಾಯಿಸಿ.

ಪ್ರಶ್ನೆ: ಚೀನಾ ಚೀನಾ ಅಂತ ಹೊಗಳುವ ನಿಮಗೆ ದೇಶಾಭಿಮಾನ ಇಲ್ಲವೇ? — ಹೆಸರು ಬೇಡ, ಮಂಡ್ಯ

ಉತ್ತರ: ಇದೆ. ಎದುರಾಳಿಯ ಕುಸ್ತಿ ಪಟ್ಟು ನೋಡದೆ ಅಖಾಡಕ್ಕೆ ಇಳಿಯಬೇಡ ಅಂತ ನಿಮ್ಮ ಊರಿನ ಪೈಲ್ವಾನರೇ ಹೇಳುತ್ತಾರೆ, ಅವರನ್ನೂ ಬೈಯುತ್ತೀರಾ?

ಪ್ರಶ್ನೆ: ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ನಮ್ಮದು. ಚೀನಾ ಆಟಿಕೆ ಮೇಲೆ ಸುಂಕ ಹಾಕಿದ್ದಾರೆ, ಇನ್ನು ನಮಗೆ ಭಯ ಇಲ್ಲ ಅಲ್ವಾ?

ಉತ್ತರ: ಸುಂಕ 2020ರಲ್ಲಿ 20ರಿಂದ 60ಕ್ಕೆ, 2023ರಲ್ಲಿ 70 ಪರ್ಸೆಂಟಿಗೆ ಏರಿತು, ಐಎಸ್‌ಐ ಗುರುತೂ ಕಡ್ಡಾಯ. ಗೋಡೆ ಎತ್ತರ ಇದೆ, ನಿಜ. ಆದರೆ ಗೋಡೆಯ ಒಳಗೇ ಪ್ಲಾಸ್ಟಿಕ್ ಆಟಿಕೆ ಮಾಡುವ ಕಾರ್ಖಾನೆಗಳು ಏಳುತ್ತಿವೆ. ನಿಮ್ಮ ಎದುರಾಳಿ ಬದಲಾಗಿದ್ದಾನೆ ಅಷ್ಟೇ, ಊರು ಬಿಟ್ಟು ಹೋಗಿಲ್ಲ. ಆಲೆ ಮರ, ಅರಗಿನ ಬಣ್ಣ, ಮಗು ಬಾಯಿಗೆ ಇಟ್ಟುಕೊಂಡರೂ ತಾಯಿಗೆ ಹೆದರಿಕೆ ಇಲ್ಲ ಅನ್ನುವ ಮಾತು, ಇದನ್ನು ಅಂಗಡಿಯ ಬೋರ್ಡಿನಲ್ಲಿ ಬರೆಯಿರಿ. ಹೆದ್ದಾರಿ ಪಕ್ಕದ ಎಷ್ಟೋ ಅಂಗಡಿಗಳಲ್ಲಿ ಹತ್ತು ವರ್ಷದಿಂದ ಅದೇ ಕುದುರೆ, ಅದೇ ಬುಗುರಿ ನೋಡುತ್ತಿದ್ದೇನೆ. ಹೊಸ ಡಿಸೈನ್ ಯಾವಾಗ?

ಪ್ರಶ್ನೆ: ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಆ ಸಾಲು ಓದಿ ನಮ್ಮ ವಾಚ್ ಫ್ಯಾಕ್ಟರಿ ನೆನಪಾಯಿತು. ನಾವು ಕೆಟ್ಟ ವಾಚ್ ಮಾಡಿದ್ದೆವಾ ಅಮ್ಮಾ?

ಉತ್ತರ: ಇಲ್ಲ ಸರ್, ಖಂಡಿತ ಇಲ್ಲ. ವಾಚ್ ಚೆನ್ನಾಗೇ ಇತ್ತು. 1961ರಲ್ಲಿ ಸಿಟಿಜನ್‌ನವರು ಕಲಿಸಿದ್ದನ್ನು ನೀವು ಅಚ್ಚುಕಟ್ಟಾಗಿ ಕಲಿತಿರಿ. ಕಲಿಸಿದ ಮೇಷ್ಟ್ರ ದೇಶದಲ್ಲೇ 1969ರಲ್ಲಿ ಸೈಕೋ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚ್ ತಂದಿತು. ಸಿಟಿಜನ್ ಕೂಡ ಆ ಕಡೆ ತಿರುಗಿತು. ನಮ್ಮವರು ಕ್ವಾರ್ಟ್ಜ್ ಮಾಡಿದರೂ ಮನಸ್ಸೆಲ್ಲ ಕೀ ಕೊಡುವ ವಾಚಿನ ಮೇಲೇ ಇತ್ತು. 1984ರಲ್ಲಿ ಹುಟ್ಟಿದ ಟೈಟನ್, ಅದೂ ಪಕ್ಕದ ಹೊಸೂರಿನಲ್ಲಿ, ಕ್ವಾರ್ಟ್ಜ್ ಒಂದನ್ನೇ ನಂಬಿ ಇಳಿಯಿತು. 2016ರಲ್ಲಿ ನಿಮ್ಮ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆದಾಗ ನನಗೂ ಬೇಜಾರಾಗಿತ್ತು. ಪಾಠ ಚೆನ್ನಾಗಿ ಕಲಿತವರು ನೀವು. ಮೇಷ್ಟ್ರು ಪಾಠ ಬದಲಾಯಿಸಿದ್ದನ್ನು ಮೇಲೆ ಕೂತವರು ಗಮನಿಸಲಿಲ್ಲ, ಅದು ನಿಮ್ಮ ಕೈಯಲ್ಲಿರಲಿಲ್ಲ.

ಈಗ ನನ್ನದೊಂದು ಪ್ರಶ್ನೆ ನಿಮಗೆ. ಅಪ್ಪನ ಜನತಾ ವಾಚ್ ನನ್ನ ಹತ್ತಿರ ಇದೆ. ಕೀ ಕೊಟ್ಟರೆ ಓಡುತ್ತೆ, ಆದರೆ ದಿನಕ್ಕೆ ಎಂಟು ನಿಮಿಷ ಹಿಂದೆ ಬೀಳುತ್ತೆ. ಅಂಗಡಿಯವರು ಮುಟ್ಟಲ್ಲ ಅಂತಾರೆ. ನಿಮ್ಮ ಹಳೇ ಸೆಕ್ಷನ್‌ನವರು ಯಾರಾದರೂ ಇನ್ನೂ ಬಿಚ್ಚಿ ನೋಡುತ್ತಾರಾ?